ಹಗ್ಗ ಹಿಡಿದ ಅಣ್ಣ

“ಆಮ್ಯಾಲೆ ಅಳಕೋತ ಕುಂದ್ರು, ಸೂಳೀಮಗನ. ಮೊದಲ ಒಳಗ ಇಳಿ.”

ನಮ್ಮನ್ನು ಗಟಾರಕ್ಕೆ ಇಳಿಸುವ ಮುಕಾದಮ ಬಸವಂತಪ್ಪ ಬೈಯುತ್ತಿದ್ದದ್ದು ನನ್ನನ್ನು. ನಾನು ಅಳುತ್ತಿರಲಿಲ್ಲ. ಮೊನ್ನೆ ಗಟಾರದ ಗ್ಯಾಸು ಕುಡಿದಾಗಿನಿಂದ ಕಣ್ಣು ತಾವೇ ಸೋರುತ್ತಿದ್ದವು, ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಚರ್ಚಿನ ಗೇಟಿನಲ್ಲಿ ಮ್ಯಾನ್‌ಹೋಲು ಉಕ್ಕಿ ಕರಿ ನೀರು ಹರಿಯುತ್ತಿತ್ತು. ಬಿಷಪ್ಪರು ಬೂಟು ಹೊಲಸು ಮಾಡಿಕೊಂಡೇ ಒಳಗೆ ಹೋಗಿದ್ದರು. ಅವರು ಹೊರಗೆ ಬರುವುದರೊಳಗೆ ಗಟಾರ ಖುಲ್ಲಾ ಆಗಬೇಕಿತ್ತು. ಒಳಗೆ ಪೆಟ್ಟಿಗೆಯಲ್ಲಿ ನಮ್ಮ ಫಾದರಪ್ಪ ಮಲಗಿದ್ದರು.

ಫಾದರ್ ಇಗ್ನೇಷಿಯಸ್ ಎಂಬ ಹೆಸರು ನಮ್ಮ ಬಾಯಲ್ಲಿ ಹೊರಳದೆ ಫಾದರಪ್ಪ ಆಗಿತ್ತು. ಮಂಗಳೂರು ಕಡೆಯವರು. ದೇವರ ಕೆಲಸಕ್ಕೆಂದು ಮುಂಬೈಯ ವಿಕ್ರೋಳಿಗೆ ಬಂದು, ಚರ್ಚಿನ ಬಂಗಲೆ ಬಿಟ್ಟು ನಮ್ಮ ಚಾಳಿನಲ್ಲಿ ಖೋಲಿ ಹಿಡಿದು, ಅಲ್ಲೇ ಮುದುಕರಾದರು. ಬೆಳಿಗ್ಗೆ ಸಂಡಾಸಿನ ಸಾಲಿನಲ್ಲಿ ನಮ್ಮ ಜೊತೆಗೇ ಡಬ್ಬಿ ಹಿಡಿದು ನಿಲ್ಲುತ್ತಿದ್ದರು. ಪೂಜೆ ಮುಗಿದ ಮೇಲೆ ಮುನಸಿಪಾಲ್ಟಿ ಸಾಹೇಬರ ಹತ್ತಿರ ಹೋಗಿ, ಮನುಷ್ಯರನ್ನು ಇಳಿಸಬೇಡಿ, ಮಷೀನು ತರಿಸಿ ಎಂದು ಕೇಳುತ್ತಿದ್ದರು. ಸಾಹೇಬರು ಚಹಾ ಕುಡಿಸಿ ಕಳಿಸುತ್ತಿದ್ದರು.

ನಮ್ಮವರಲ್ಲಿ ಒಂದು ರೂಢಿ ಇದೆ. ಗಟಾರಕ್ಕೆ ಇಳಿದವನ ಸೊಂಟದ ಹಗ್ಗವನ್ನು ಮೇಲೆ ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಒಡಹುಟ್ಟಿದವಳ ಕುಂಕುಮ ಕೈಯಲ್ಲಿದೆ ಎಂದು ಗೊತ್ತಿದ್ದವನು ಬೀಡಿ ಹಚ್ಚಲಿಕ್ಕೂ ಹಗ್ಗ ಬಿಡುವುದಿಲ್ಲ. ನನ್ನ ಹೆಂಡತಿ ದೇವಕ್ಕನಿಗಿದ್ದ ಒಬ್ಬನೇ ಅಣ್ಣ ಶಾಂತಪ್ಪ ಲೋಕಲ್ ರೈಲಿನಿಂದ ಬಿದ್ದು ಸತ್ತ. ಆಮೇಲೆ ಯಾರು ಸಿಕ್ಕರೆ ಅವರ ಕೈಗೆ ಹಗ್ಗ ಕೊಟ್ಟು ಇಳಿಯುತ್ತಿದ್ದೆ. ಒಂದು ದಿನ ಫಾದರಪ್ಪ ಬಿಳಿ ನಿಲುವಂಗಿ ಮೊಣಕಾಲಿಗೆ ಎತ್ತಿ ಕಟ್ಟಿ ಮ್ಯಾನ್‌ಹೋಲಿನ ಬಾಯಿಗೆ ಬಂದು ಕೂತರು.

“ಹಗ್ಗ ಇಲ್ಲಿ ಕೊಡು, ನಿಂಗಣ್ಣ. ದೇವಕ್ಕ ನನಗೆ ತಂಗಿ ಅಲ್ವಾ?”

ಆ ವರ್ಷ ಪಂಚಮಿಗೆ ದೇವಕ್ಕ ಶೇಂಗಾದುಂಡಿ ಕಟ್ಟಿಕೊಂಡು ಅವರ ಖೋಲಿಗೇ ತವರೆಂದು ಹೋಗಿ ಬಂದಳು. ಬಸವಂತಪ್ಪನಿಗೂ ಅನುಕೂಲವಾಯಿತು. ಯಾರಾದರೂ ಇಳಿಯಲು ಹಿಂದೆಮುಂದೆ ನೋಡಿದರೆ, ಫಾದರ ಅದಾರಲ್ಲ, ಇಳಿ ಎನ್ನುತ್ತಿದ್ದ.

ಮೊನ್ನೆ ಕೆಳಗೆ ನನಗೆ ಎಚ್ಚರ ತಪ್ಪಿತು. ಬಸವಂತಪ್ಪ ದೂರ ಸರಿದು ನಿಂತನಂತೆ. ರಸ್ತೆಯ ಜನ ಬಂದು ಕೈಹಚ್ಚುವವರೆಗೆ ಫಾದರಪ್ಪನ ಆ ಮುದಿಜೀವ ಒಂದೇ ಹಗ್ಗ ಎಳೆಯಿತಂತೆ. ನನ್ನನ್ನು ಮೇಲೆ ಹಾಕಿದ್ದೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಗೇಟಿಗೆ ಕಟ್ಟಿದ ಬ್ಯಾನರಿನಲ್ಲಿ, ಪ್ರಾರ್ಥನೆ ಮಾಡುತ್ತ ಶಾಂತರಾಗಿ ದೇವರ ಪಾದ ಸೇರಿದರು ಎಂದು ಬರೆಸಿದ್ದರು.

“ಹಗ್ಗ ಇವತ್ತ ನಾ ಹಿಡಿತೀನಿ, ಇಳಿ,” ಎಂದ ಬಸವಂತಪ್ಪ, ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುತ್ತ. ನಮ್ಮ ಸೊಂಟಕ್ಕೆ ತಾಕಿದ್ದನ್ನು ಅವನು ಬರಿಗೈಯಲ್ಲಿ ಮುಟ್ಟುವುದಿಲ್ಲ.

ನಾನು ಹಗ್ಗ ಕಟ್ಟಿಕೊಳ್ಳತೊಡಗಿದೆ. ಯಾಕೆ ಎಂದು ಕೇಳಿದರೆ ಗೊತ್ತಿಲ್ಲ. ಇಳಿ ಎಂದರೆ ಇಳಿದು ರೂಢಿ. ದೇವಕ್ಕ ಬಂದು ಗಂಟು ಬಿಚ್ಚಿದಳು, ಹಗ್ಗ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡಳು, ಅಣ್ಣನ ಮುಖ ನೋಡಿ ಬರುತ್ತೇನೆಂದು ಒಳಗೆ ನಡೆದಳು. ನಾನು ಹಿಂದೆ ಹೋದೆ.

ಚರ್ಚಿನ ಕಮಿಟಿಯ ರೋಶನ್ ಅಡ್ಡ ಬಂದ. ಮುಂದೆ ಹೋಗುವುದು ಮನೆಯವರು ಮಾತ್ರ, ನೀವು ಯಾರು ಎಂದು ಕೇಳಿದ.

“ತಂಗಿ,” ಎಂದಳು.

ಅವನು ಅವಳ ಕಾಲಿನ ಕೆಸರು ನೋಡಿ, ಮೂಗು ಮುಚ್ಚಿಕೊಂಡು ಹಿಂದೆ ಸರಿದ. ಪೆಟ್ಟಿಗೆಯಲ್ಲಿ ಫಾದರಪ್ಪನ ಕೈಗಳಿಗೆ ಬಿಳಿ ಗ್ಲೌಸು ಹಾಕಿ ಜಪಮಾಲೆ ಸುತ್ತಿದ್ದರು. ದೇವಕ್ಕ ಒಂದು ಗ್ಲೌಸು ಎಳೆದಳು. ಅಂಗೈಯ ಚರ್ಮ ಅಡ್ಡಕ್ಕೆ ಕಿತ್ತುಹೋಗಿತ್ತು. ರೋಶನ್ ಅವಳನ್ನು ಎಳೆದುಹಾಕಿ, ಮತ್ತೆ ಗ್ಲೌಸು ತೊಡಿಸಿ, ನೋಡಲಿಕ್ಕೆ ಚಂದ ಕಾಣುವುದಿಲ್ಲವಲ್ಲ ಎಂದು ಪಕ್ಕದವರಿಗೆ ಹೇಳಿದ.

ಚರ್ಚಿನ ಹಿಂದೆ ಗುಂಡಿ ತೋಡಿದವರೂ ಪೆಟ್ಟಿಗೆ ಇಳಿಸಿದವರೂ ನಮ್ಮ ಚಾಳಿನವರೇ. ಎಲ್ಲರೂ ಹಿಡಿ ಮಣ್ಣು ಹಾಕಿದರು. ದೇವಕ್ಕ ಸೆರಗಿನಿಂದ ಹಗ್ಗ ತೆಗೆದು ಗುಂಡಿಗೆ ಹಾಕಿದಳು. ಅದು ಪೆಟ್ಟಿಗೆಯ ಮೇಲೆ ಧೊಪ್ಪೆಂದು ಬಿತ್ತು. ಬಿಷಪ್ಪರು ಪುಸ್ತಕದಿಂದ ತಲೆ ಎತ್ತಿದರು.

ಆ ಹೊಲಸನ್ನು ಇಳಿದು ತೆಗೆಯಿರಿ ಎಂದು ರೋಶನ್ ನಮ್ಮವರಿಗೆ ಹೇಳಿದ. ನಮ್ಮವರು ಸಲಿಕೆಯ ಮೇಲೆ ಕೈಯಿಟ್ಟು ನಿಂತೇ ಇದ್ದರು. ಆಮೇಲೆ ಒಬ್ಬ ಗುಂಡಿಗೆ ಮಣ್ಣೆಳೆಯತೊಡಗಿದ, ಉಳಿದವರೂ ಎಳೆದರು.

ಗೇಟಿನಲ್ಲಿ ಬಸವಂತಪ್ಪ ಕಾಯುತ್ತಿದ್ದ. “ಹಗ್ಗ ಎಲ್ಲೈತಿ, ರಂಡೆ?”

“ಹಿಡಿಯಾಂವನ ಕಡೆ ಐತಿ,” ಎಂದಳು ದೇವಕ್ಕ. “ಇಳಿದು ತಗೊಂಬಾ.”

ಹಗ್ಗ ಇಲ್ಲದೆಯೇ ಇಳಿ ಎಂದು ಅವನು ನನ್ನ ಕುತ್ತಿಗೆಗೆ ಕೈ ಹಾಕಿದ, ಬರಿಗೈ. ದೇವಕ್ಕ ಮ್ಯಾನ್‌ಹೋಲಿನ ಬಾಯಿಯಲ್ಲಿ, ಫಾದರಪ್ಪ ಕೂರುತ್ತಿದ್ದ ಜಾಗದಲ್ಲಿ, ಆ ಕರಿ ನೀರಿನಲ್ಲೇ ಕೂತಳು. ನಾನು ಅವನ ಕೈ ಬಿಡಿಸಿಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂತೆ. ಬಿಷಪ್ಪರ ಕಾರು ಬಂದು ನಮ್ಮ ಮುಂದೆ ನಿಂತು ಹಾರ್ನು ಹೊಡೆಯಿತು. ಸುತ್ತ ನಿಂತವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದಿದ್ದರು.

ನನಗೆ ಏನೂ ವಾಸನೆ ಬರಲಿಲ್ಲ. ನೀರು ಕಾರಿನ ಗಾಲಿ ಮುಟ್ಟಿತು. ನಾನು ಇಳಿಯಲಿಲ್ಲ.