ಅರವತ್ತು ಎಕರೆ ಸಪಾಟು ನೆಲ

ಹಮ್ಮಿಗಿಯಲ್ಲಿ ಅರವತ್ತು ಎಕರೆ ಜಾಗ ಬೇಕಂತೆ, ಹೊರದೇಶದ ಕಂಪನಿಯವರು ನೋಡಲು ಬರುತ್ತಾರಂತೆ ಎಂಬ ಸುದ್ದಿ ತಂದವರು ಜಿಲ್ಲೆಯ ಸಾಹೇಬರು. ಅದನ್ನು ಮನೆಮನೆಗೂ ಮುಟ್ಟಿಸಿದವನು ಪಂಚಾಯಿತಿ ಮೆಂಬರ್ ಕಳಕಪ್ಪ. ಬೇರೆ ಯಾರಾದರೂ ಆಗಿದ್ದರೆ ಇದರಲ್ಲಿ ತನಗೇನು ಗಿಟ್ಟುತ್ತದೆ ಎಂದು ನೋಡುತ್ತಿದ್ದರು. ಕಳಕಪ್ಪನಿಗೆ ಬೇಕಾಗಿದ್ದುದು ಒಂದೇ, ಊರ ಹೆಣ್ಣುಮಕ್ಕಳಿಗೆ ಊರಲ್ಲೇ ಕೆಲಸ. ಎರಡು ವರ್ಷದ ಹಿಂದೆ ಅವನ ಒಬ್ಬಳೇ ಮಗಳು ಕಲ್ಪನಾ, ಹತ್ತೊಂಬತ್ತರ ಹುಡುಗಿ, ಗದಗಿನ ಗಾರ್ಮೆಂಟ್ಸಿಗೆ ಹೋಗುವ ಟೆಂಪೊ ಪಲ್ಟಿಯಾಗಿ ಸತ್ತಿದ್ದಳು.

"ನಮ್ಮ ಕೂಸಿಗೆ ಆಗಿದ್ದು ಇನ್ನೊಬ್ಬರ ಕೂಸಿಗೆ ಆಗಬಾರ್ದರಿ" ಎಂದು ಅವನು ಕೈಮುಗಿದರೆ ಇಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಹದಿನೆಂಟು ಮನೆಯವರು ಹೊಲ ಕೊಡುತ್ತೇವೆಂದು ಸಹಿ ಹಾಕಿದರು.

ತೊಡಕಾದದ್ದು ಅವನದೇ ಹೊಲ. ಕಲ್ಪನಾಳನ್ನು ಮಣ್ಣು ಮಾಡಿದ್ದು ಅಲ್ಲೇ, ಬೇವಿನ ಗಿಡದ ಬುಡದಲ್ಲಿ. "ಗೋರಿ ಕಂಡರ ಅವ್ರು ಹಿಂದ ಸರೀತಾರ. ನೆಲ ಖಾಲಿ ಕಾಣಬೇಕ್ರಿ" ಎಂದರು ಸಾಹೇಬರು. ಅವರ ಸ್ವಂತ ಮಗಳು ಅಲ್ಲಿ ಮಲಗಿದ್ದರೆ ಏನೆನ್ನುತ್ತಿದ್ದರೋ!

ಹೆಂಡತಿ ಫಕ್ಕೀರವ್ವ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ಕೇಳಿದಳು: "ಕಾರ್ಖಾನಿ ಖರೇನ ಬರತೈತೇನ್ರಿ?"

"ಬರತೈತಿ. ಮ್ಯಾಲಿನ ಮಣ್ಣಷ್ಟ ಸಪಾಟ ಮಾಡ್ತಾರ, ಆಕಿ ಅಲ್ಲೇ ಇರ್ತಾಳ."

"ನೀವ ಹೇಳಿದ ಮ್ಯಾಲ ಆತು ಬಿಡ್ರಿ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಜೆಸಿಬಿ ಎರಡು ದಿನ ಓಡಾಡಿತು. ಬದು, ಬಾಂದುಗಲ್ಲು, ಬೇವು, ಎಲ್ಲ ಹೋದವು.

ಶಾಮಿಯಾನ, ಹಾರ, ಎಳನೀರು, ಯಾವುದಕ್ಕೂ ಕಡಿಮೆ ಇರಲಿಲ್ಲ. ಕಂಪನಿಯಿಂದ ಬಂದ ಮೂವರು ಇಪ್ಪತ್ತು ನಿಮಿಷ ನಿಂತರು. ಅವರಲ್ಲಿ ವಯಸ್ಸಾದ ಹೆಂಗಸೊಬ್ಬಳು, ಇಲ್ಲಿ ಯಾರನ್ನಾದರೂ ಹೂಳಿದ್ದೀರಾ ಎಂದು ದುಭಾಷಿಯಿಂದ ಕೇಳಿಸಿದಳು. ಸಾಹೇಬರು ಕಳಕಪ್ಪನ ಮುಖ ನೋಡಿದರು.

"ಯಾರೂ ಇಲ್ರಿ" ಎಂದ ಕಳಕಪ್ಪ.

"ಇದ್ದಿದ್ದರೂ ಅಡ್ಡಿಯಿರಲಿಲ್ಲ" ಎಂದ ದುಭಾಷಿ, ನಗುತ್ತಾ. "ಅಷ್ಟು ಜಾಗ ಬಿಟ್ಟು ಕಟ್ಟುತ್ತಾರಂತೆ."

ಇಲ್ಲ ಎಂದ ತನ್ನ ಬಾಯಿಗೆ ಹುಳ ಬೀಳಬಾರದೇ ಎನ್ನಿಸಿತು ಕಳಕಪ್ಪನಿಗೆ. ಆದರೂ ಕಾರ್ಖಾನೆ ಬರಲಿ, ಸಾಕು.

ಐದು ತಿಂಗಳ ಮೇಲೆ ಖಬರು ಬಂತು. ಬಂದರಿಗೆ ಹತ್ತಿರವಿರುವ ಬೇರೆ ರಾಜ್ಯಕ್ಕೆ ಕಂಪನಿ ಹೋಯಿತಂತೆ. ಸಾಹೇಬರಿಗೆ ವರ್ಗವಾಯಿತು. ಊರವರು ಕಳಕಪ್ಪನನ್ನು ಬೈಯಲಿಲ್ಲ. ಬೈದಿದ್ದರೆ ಅವನ ಎದೆ ತುಸು ಹಗುರಾಗುತ್ತಿತ್ತು. ಬೆಳಗಾದರೆ ಹುಡುಗಿಯರು ಎಂದಿನಂತೆ ಟೆಂಪೊ ಹತ್ತುತ್ತಿದ್ದರು.

ಕಲ್ಪನಾ ತೀರಿಕೊಂಡ ದಿನ ಮತ್ತೆ ಬಂತು. ಫಕ್ಕೀರವ್ವ ಹೋಳಿಗೆ, ಬದನೆಕಾಯಿ ಪಲ್ಯ ಮಾಡಿ, ಬುಟ್ಟಿ ಹೊತ್ತು ಗಂಡನ ಹಿಂದೆ ಹೊಲಕ್ಕೆ ಬಂದಳು.

"ಎಡಿ ಎಲ್ಲಿ ಇಡ್ಲಿ?"

ಕಳಕಪ್ಪ ಹತ್ತು ಹೆಜ್ಜೆ ನಡೆದ, ನಿಂತ, ಎಡಕ್ಕೆ ಸರಿದ. ಎತ್ತ ನೋಡಿದರೂ ಒಂದೇ ಮಣ್ಣು. ಕೊನೆಗೆ, "ಇಲ್ಲೇ" ಎಂದ.

"ನನ್ನ ಮ್ಯಾಲ ಆಣಿ ಮಾಡಿ ಹೇಳ್ರಿ."

ಅವನ ಕಣ್ಣೀರು ಮೀಸೆಗೆ ಇಳಿಯಿತು.

ಫಕ್ಕೀರವ್ವ ಬುಟ್ಟಿ ಇಳಿಸಲಿಲ್ಲ. ಆ ಬಯಲ ನಡುವೆ ನಿಂತು, ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವಂತೆ ದನಿ ಎತ್ತಿದಳು:

"ಕಲ್ಪನಾ... ಉಣ್ಣಾಕ ಬಾ ಯವ್ವಾ. ಎಲ್ಲಿದ್ದೀ? ನಿಮ್ಮಪ್ಪಗ ಗೊತ್ತಾಗವಲ್ದು."