ಕುರಿ ಉಜ್ಜಿದ ಗೋಡೆ

ನವಾಹೊ ಬುಡಕಟ್ಟಿನ ಸೀಮೆಯ ಲೆಲ್ಯಾಂಡ್ ಹಸ್ಕನ್ ಮೂರು ದಿನದಿಂದ ತಾನೇ ತೆಗೆದ ಫೋಟೋವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದೇ ಬಗೆಹರಿಯಲೊಲ್ಲದು. ಕಮರಿಯ ಸಂದಿನಲ್ಲಿ ಆಕಾಶವೂ ನೆಲವೂ ಬಾರದಂತೆ ಬರೀ ಕೆಂಪು ಗೋಡೆ ತೆಗೆದಿದ್ದ ಮಹಾನುಭಾವ. ಅವನ ದೊಡ್ಡ ಮರದ ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುವುದು. ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ವರ್ಷಗಟ್ಟಲೆ ಹಾಗೆಯೇ ನೋಡಿದವನಿಗೆ ಈಗ ಹೇಗಿಟ್ಟರೂ ಸರಿ ಎನಿಸುತ್ತಿತ್ತು.

ತಮಾಷೆಯ ಮಾತಾಗಿರಲಿಲ್ಲ. ಕಮರಿಯ ಗೇಟಿನ ಕೀಲಿಯನ್ನು ಚಿಕ್ಕಮ್ಮ ಬರ್ನೀಟಾ ಇವತ್ತು ಒಬ್ಬರಿಗೆ ಕೊಡುವವಳಿದ್ದಳು: ಇವನಿಗೆ, ಇಲ್ಲವೇ ಬಸ್ಸುಗಟ್ಟಲೆ ಪ್ರವಾಸಿಗರನ್ನು ಇಳಿಸಲು ಕಾದಿದ್ದ ತನ್ನ ಮಗಳು ಒರ್ಲಿಂಡಾಗೆ. "ನಾನು ಕುರಿ ಹೊಡ್ಕೊಂಡ್ ಹೋಗ್ತಿದ್ದ ಜಾಗ ಫೋಟೋದಲ್ಲಿ ತೋರ್ಸು. ನನ್ನ ಮಂಡೀಲಿ ಕಮರಿ ಏಣಿ ಇಳಿಯೋಕಾಗಲ್ಲ. ಜಾಗ ಗೊತ್ತಿರೋರಿಗೇ ಕೀಲಿ," ಎಂದಿದ್ದಳು.

ಕೊನೆಗೆ ಫೋಟೋದಲ್ಲೊಂದು ನುಣುಪಾದ ಪಟ್ಟೆ ಕಣ್ಣಿಗೆ ಬಿತ್ತು. ಕುರಿಗಳು ಮೈ ಉಜ್ಜಿ ಉಜ್ಜಿ ಆದದ್ದು! ಕುರಿ ಉಜ್ಜುವುದು ಮಂಡಿಯೆತ್ತರದಲ್ಲಿ ತಾನೇ? ಪಟ್ಟೆ ಕೆಳಗೆ ಬರುವಂತೆ ಹಿಡಿದು ಒಯ್ದ.

ಚಿಕ್ಕಮ್ಮ ಸಾರಿನ ಸೌಟು ಬಿಟ್ಟು ಬಂದು, ಮೂಗು ತಾಗಿಸುವಷ್ಟು ಹತ್ತಿರದಿಂದ ನೋಡಿದಳು. "ಅಯ್ಯೋ, ಇಲ್ಲೇ ಕಣೋ! ಆ ಕುಂಟ ಟಗರು ನನ್ನನ್ನ ಗೋಡೆಗೊತ್ತಿದ್ದು ಇಲ್ಲೇ!"

"ಗೋಡೆ ಅಂದ್ರೆ ಗೋಡೆ. ಅದ್ರಲ್ಲೇನಿದೆ?" ಎಂದು ಒರ್ಲಿಂಡಾ ಮೂತಿ ತಿರುವಿದಳು. ಕೀಲಿ ಲೆಲ್ಯಾಂಡನ ಜೇಬು ಸೇರಿತು.

ಅಂದೇ ಮಧ್ಯಾಹ್ನ ಕ್ಯಾಮೆರಾ ಇಲ್ಲದೆ ಕಮರಿಗೆ ಇಳಿದ. ಪಟ್ಟೆ ಅವನ ತಲೆಯ ಮೇಲಿತ್ತು. ಕೈ ಚಾಚಿದರೂ ಎಟುಕಲಿಲ್ಲ. ಚಿಕ್ಕಮ್ಮನ ಕುರಿಗಳೇನು ಹಾರುತ್ತಿದ್ದವೇ? ತಲೆ ಕೆರೆದುಕೊಂಡು ನಿಂತವನಿಗೆ ತಡವಾಗಿ ಹೊಳೆಯಿತು: ವರ್ಷ ವರ್ಷ ನುಗ್ಗಿದ ನೆರೆ ಮರಳನ್ನೆಲ್ಲ ಬಾಚಿಕೊಂಡು ಹೋಗಿ ನೆಲವೇ ಇಳಿದಿತ್ತು. ಅವನು ತೆಗೆದದ್ದು ಪಟ್ಟೆಯಿಂದ ಕೆಳಗಿನ ಗೋಡೆಯನ್ನು; ಅಂದಮೇಲೆ ಪಟ್ಟೆ ಮೇಲಿರಬೇಕಿತ್ತು, ಚಿಕ್ಕಮ್ಮನಿಗೆ ಕೊಟ್ಟ ಫೋಟೋ ತಲೆಕೆಳಗಾಗಿತ್ತು. ಬಟ್ಟೆಯೊಳಗೆ ತಲೆ ಹಾಕಿ ನಿಂತವನು ಗೋಡೆಯನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. ನಾಚಿಕೆಯಿಂದ ಸತ್ತಂತಾಯಿತು.

ಹಿಂದಿರುಗಿದಾಗ ಚಿಕ್ಕಮ್ಮ ಫೋಟೋವನ್ನು ಒಲೆಯ ಪಕ್ಕ ತೂಗುಹಾಕಿ, ಪಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಳು. ಅವನು ಕೀಲಿಯನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ.

"ತಿರುಗಿಸಿ ಹಾಕ್ಲಾ, ಚಿಕ್ಕಮ್ಮ?"

ಅವಳು ಬೆರಳನ್ನು ಪಟ್ಟೆಯ ಕೆಳಗಿನ ಅಂಚಿಗೆ ಇಳಿಸಿದಳು. "ಹಾಗಾದ್ರೆ ನಾನು ನಡೆದ ನೆಲ?"

"ಕೊಚ್ಕೊಂಡು ಹೋಗಿದೆ."

"ಇದ್ರಲ್ಲಿದೆಯಲ್ಲೋ." ಕೀಲಿಯನ್ನು ಅವನತ್ತ ತಳ್ಳಿದಳು. "ಕೀಲಿ ಇಟ್ಕೋ. ಫೋಟೋ ಮುಟ್ಬೇಡ."

ಲೆಲ್ಯಾಂಡ್ ಫೋಟೋ ನೋಡಿದ. ಅದು ಮತ್ತೆ ಸರಿಯಾಗಿಯೇ ಕಾಣಿಸಿತು.