ಭಾವನ ಎಡಗಡೆ

ಭಾವನ ಎಡಗಣ್ಣಿಗೆ ಏನೋ ಆಗಿದೆ ಎಂಬುದು ಮೂಟೆಗೆ ಗೊತ್ತಾದದ್ದು ಒಂದು ಮಂಗಳವಾರ ಬೆಳಿಗ್ಗೆ, ಬಾಕ್ಸಿಂಗ್ ಅಭ್ಯಾಸದ ಮೂರನೆಯ ಸುತ್ತಿನಲ್ಲಿ. ಅವನು ಬೀಸಿದ್ದು ಏಟೇ ಅಲ್ಲ. ನಿದ್ದೆಗಣ್ಣಲ್ಲಿ ನೊಣ ಓಡಿಸುವವನ ಹಾಗೆ ಬಲಗೈಯನ್ನು ಸುಮ್ಮನೆ ಒಂದು ಸುತ್ತು ತಂದಿದ್ದ. ಅಂಥದ್ದನ್ನು ಭಾವ ಹತ್ತು ವರ್ಷದಿಂದ ಕತ್ತು ಓರೆ ಮಾಡಿಯೇ ತಪ್ಪಿಸಿಕೊಳ್ಳುತ್ತಿದ್ದ, ಮೇಲೆ ಒಂದು ಬೈಗುಳವನ್ನೂ ಸೇರಿಸುತ್ತಿದ್ದ. ಅವತ್ತು ಆ ಕೈ ನೇರ ಹೋಗಿ ಎಡಗೆನ್ನೆಯ ಮೇಲೆ ಪಟ್ಟೆಂದು ಕೂತಿತು. ಭಾವನ ಮುಖದಲ್ಲಿ ನೋವಿಗಿಂತ ಆಶ್ಚರ್ಯವೇ ಹೆಚ್ಚಾಗಿ ಕಂಡಿತು. ಮರುಕ್ಷಣ ಆಶ್ಚರ್ಯ ಸಿಟ್ಟಾಯಿತು. ಉಳಿದ ಎರಡು ನಿಮಿಷ ಮೂಟೆಯನ್ನು ಹಗ್ಗಕ್ಕೆ ಒತ್ತಿ ಹಿಡಿದು ಹಣ್ಣುಗಾಯಿ ನೀರುಗಾಯಿ ಮಾಡಿದ.

ಮೂಟೆ ಎಂಬುದು ಅಡ್ಡಹೆಸರು. ಹೊಡೆಸಿಕೊಳ್ಳುವುದೇ ಕೆಲಸವಾದವನಿಗೆ ಬೇರೆ ಯಾವ ಹೆಸರು ಬೇಕು ಎಂದು ಭಾವನೇ ಇಟ್ಟದ್ದು. ಜಿಮ್ಮಿನ ಕಸ ಗುಡಿಸುವಾಕೆಯೂ ಈಗ ಅವನನ್ನು ಹಾಗೇ ಕರೆಯುತ್ತಿದ್ದಳು.

ಭಾವ ಮಿಡಲ್‌ವೇಟ್ ಚಾಂಪಿಯನ್. ಹದಿನೇಳನೆಯ ವಯಸ್ಸಿನಲ್ಲಿ ಲಾರಿ ಟೈರಿನ ಅಂಗಡಿಯಲ್ಲಿ ಸುತ್ತಿಗೆಯಿಂದ ಬಡಿದು ಟೈರನ್ನು ರಿಮ್ಮಿನಿಂದ ಬಿಡಿಸುವ ಕೆಲಸಕ್ಕಿದ್ದ. ಸ್ಕೂಟರಿಗೆ ಗಾಳಿ ತುಂಬಿಸಲು ಬಂದ ಬಾಕ್ಸಿಂಗ್ ಮೇಷ್ಟ್ರು ಅವನ ಹೆಗಲು ನೋಡಿ, ಗಾಳಿ ತುಂಬಿಸುವುದನ್ನೂ ಮರೆತು ಅವನನ್ನು ಕರೆದುಕೊಂಡು ಹೋದರು. ಇಪ್ಪತ್ತೊಂದಕ್ಕೆ ವೃತ್ತಿಪರ ಪಂದ್ಯ, ಇಪ್ಪತ್ತೇಳಕ್ಕೆ ಚಾಂಪಿಯನ್ ಬೆಲ್ಟು. ಮೂವತ್ತನಾಲ್ಕು ಪಂದ್ಯಗಳಲ್ಲಿ ಸೋತದ್ದು ಎರಡೇ. ಆ ಎರಡರಲ್ಲೂ ತೀರ್ಪುಗಾರರು ಕಳ್ಳರೆಂದು ಇವತ್ತಿಗೂ ಹೇಳುತ್ತಿದ್ದ. ಬೆಲ್ಟನ್ನು ಏಳು ಸಲ ಉಳಿಸಿಕೊಂಡಿದ್ದ. ಹಗೆ ಹತ್ತದೆ ಅವನಿಗೆ ಕೈಯೇ ಏಳುತ್ತಿರಲಿಲ್ಲ. ಪಂದ್ಯಕ್ಕೆ ಎರಡು ತಿಂಗಳಿರುವಾಗಲೇ ಎದುರಾಳಿಯ ಫೋಟೋವನ್ನು ಲಾಕರಿನ ಒಳಬಾಗಿಲಿಗೆ ಅಂಟಿಸಿ ದಿನಾ ಬೆಳಿಗ್ಗೆ ಅದಕ್ಕೆ ವಾಚಾಮಗೋಚರ ಬೈಯುತ್ತಿದ್ದ. ಎದುರಾಳಿ ಇಲ್ಲದ ತಿಂಗಳುಗಳಲ್ಲಿ ಆ ಹಗೆ ಹತ್ತಿರ ಸಿಕ್ಕವರ ಪಾಲಾಗುತ್ತಿತ್ತು. ಎಲ್ಲರಿಗಿಂತ ಹತ್ತಿರ ಸಿಗುತ್ತಿದ್ದವನು ಹೆಂಡತಿಯ ತಮ್ಮ.

ಮೂಟೆಯೂ ಒಂದು ಕಾಲಕ್ಕೆ ಆಡಿದವನೇ. ಹನ್ನೊಂದು ಪಂದ್ಯ, ಒಂಬತ್ತು ಗೆಲುವು. ನಾಲ್ಕು ಜನರ ಕಣ್ಣಿಗೆ ಬೀಳುವಂಥ ಒಂದು ದೊಡ್ಡ ಪಂದ್ಯ ಗೊತ್ತಾಗಿ ಇನ್ನು ಆರು ದಿನ ಇದೆ ಎನ್ನುವಾಗ, ಅಭ್ಯಾಸದಲ್ಲಿ ಭಾವ ಅವನ ಮೂಗು ಮುರಿದ. "ಕೈ ಜಾರಿತು ಕಣೋ" ಅಂದ. ಗ್ಲೌಸ್ ಬಿಚ್ಚುವಾಗ ನಗುತ್ತಿದ್ದ. ಆ ಪಂದ್ಯ ಇನ್ನೊಬ್ಬನಿಗೆ ಹೋಯಿತು, ಆಮೇಲೆ ಯಾರೂ ಅವನನ್ನು ಕರೆಯಲಿಲ್ಲ. ಈಗಲೂ ಮೂಟೆಗೆ ಉಸಿರು ಒಂದೇ ಹೊಳ್ಳೆಯಿಂದ.

ಅವತ್ತು ಬಟ್ಟೆ ಬದಲಿಸುವ ಕೋಣೆಯಲ್ಲಿ ಇಬ್ಬರೇ ಇದ್ದಾಗ ಮೂಟೆ ಕೇಳಿಯೇಬಿಟ್ಟ.

"ಭಾವ, ಎಡಗಡೆ ಕಾಣ್ತಿಲ್ವಾ ನಿಮಗೆ?"

ಭಾವ ಕೈಗೆ ಸುತ್ತಿದ್ದ ಪಟ್ಟಿ ಬಿಚ್ಚುತ್ತಲೇ ಇದ್ದ. "ಕಣ್ಣಿಗೆ ಬೆವರು ಹೋಗಿತ್ತು."

"ಮೂರನೇ ಸುತ್ತಿಗೆಲ್ಲ ನಿಮಗೆ ಬೆವರು ಬರಲ್ಲ."

ಭಾವ ಎದ್ದು ಬಂದು ಅವನ ಗದ್ದವನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ. "ನಿಮ್ಮಕ್ಕನ ಮುಖ ನೋಡಿ ನಿನ್ನ ಇಲ್ಲಿ ಇಟ್ಕೊಂಡಿದೀನಿ. ಈ ಮಾತು ಆ ಬಾಗಿಲು ದಾಟಿತೋ, ನಾಳೆ ಊಟ ಅಗಿಯೋಕೆ ನಿನಗೆ ಹಲ್ಲಿರಲ್ಲ. ತಿಳೀತಾ?"

ಮಾರನೆಯ ದಿನ ಮಧ್ಯಾಹ್ನ ಮೂಟೆ ಅಕ್ಕನ ಕಾರ್ಖಾನೆಗೆ ಹೋದ. ಅಕ್ಕ ಸಮವಸ್ತ್ರ ಹೊಲಿಯುವ ಕಡೆ ಬಟ್ಟೆ ಕತ್ತರಿಸುವ ಮೇಜಿನ ಮೇಲ್ವಿಚಾರಕಿ. ಕತ್ತಿನಲ್ಲಿ ಅಳತೆ ಟೇಪು, ಕೈಯಲ್ಲಿ ಸೀಮೆಸುಣ್ಣ. ಊಟದ ಗಂಟೆಗೆ ಹೆಂಗಸರೆಲ್ಲ ಹೊರಗೆ ಹೋಗಿದ್ದರು. ನಲವತ್ತು ಪದರ ನೀಲಿ ಬಟ್ಟೆ ಹಾಸಿದ್ದ ಉದ್ದ ಮೇಜಿನ ಆಚೆಗೊಬ್ಬರು ಈಚೆಗೊಬ್ಬರು ನಿಂತರು. ಅವನು ಕಣ್ಣಿನ ವಿಷಯ ಎತ್ತುತ್ತಿದ್ದ ಹಾಗೇ ಅಕ್ಕ ಮುಖ ಗಂಟಿಕ್ಕಿದಳು.

"ಈಗ ಕಂಡುಹಿಡಿದ್ಯಾ? ನಾಲ್ಕು ತಿಂಗಳಾಯ್ತು. ಲೋಟಕ್ಕೆ ನೀರು ಬಗ್ಗಿಸಿದ್ರೆ ಮೇಜಿಗೆ ಹೋಗುತ್ತೆ. ದಿನಾ ಎಡಭುಜ ಬಾಗಿಲಿಗೆ ಹೊಡ್ಕೊಂಡು ಬಾಗಿಲಿಗೇ ಬೈತಾರೆ. ದುಂಬಾಲು ಬಿದ್ದು ಡಾಕ್ಟ್ರಿಗೆ ತೋರಿಸಿದೆ, ಬೇರೆ ಹೆಸರು ಕೊಟ್ಟು. ಕಣ್ಣಿನ ಹಿಂದಿನ ಪರದೆ ಹರಿದಿದೆಯಂತೆ. ಬೇಗ ಆಪರೇಷನ್ ಮಾಡಿದ್ರೆ ಅಷ್ಟೋ ಇಷ್ಟೋ ಉಳಿಯುತ್ತೆ ಅಂದ್ರು. ಪಂದ್ಯ ಮುಗೀಲಿ ಅಂತಾರೆ ಇವರು."

"ಮತ್ತೆ ಬಾಕ್ಸಿಂಗ್ ಬೋರ್ಡಿನ ಡಾಕ್ಟ್ರು ಪಾಸ್ ಮಾಡಿದ್ರಲ್ಲ?"

"ಬಲಗಣ್ಣು ಮುಚ್ಕೊಳ್ಳಿ ಅಂದಾಗ ಬೆರಳ ಸಂದೀಲಿ ನೋಡಿ ಓದಿದ್ರಂತೆ. ಮನೆಗೆ ಬಂದು ಅದನ್ನೇ ದೊಡ್ಡಸ್ತಿಕೆ ಅಂತ ಹೇಳ್ಕೊಂಡ್ರು."

ಪಂದ್ಯಕ್ಕೆ ಐದು ವಾರವಿತ್ತು. ಈ ಸಲದ ಎದುರಾಳಿಗೆ ಬಲಗೈಯೇ ಬಂಡವಾಳ. ಹೋದ ವರ್ಷ ಇಬ್ಬರನ್ನು ಸ್ಟ್ರೆಚರಿನಲ್ಲಿ ಕಳಿಸಿದ ಕೈ.

"ಬೋರ್ಡಿಗೆ ನೀನೇ ಹೇಳಿಬಿಡಕ್ಕ."

"ಹೇಳಿದ್ರೆ ಪಂದ್ಯ ನಡೆಸೋ ಆ ಪ್ರಮೋಟರ್ ಇನ್ನೊಬ್ಬ ಡಾಕ್ಟ್ರ ಹತ್ರ ಬರೆಸ್ಕೊಂಡು ಬರ್ತಾನೆ. ಇವರಂತೂ ಸಾಯೋವರೆಗೂ ನನ್ನ ಮುಖ ನೋಡಲ್ಲ. ನಾನು ಆ ಮನೇಲೇ ಬಾಳಬೇಕು." ಅಕ್ಕ ನೀಲಿ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದಳು, ಅಂಗಿಯಲ್ಲಿ ಎಡ ಪಕ್ಕೆ ಬರುವ ಜಾಗದಲ್ಲಿ. "ಒಂದು ಪಕ್ಕೆಲುಬು. ಅಷ್ಟು ಸಾಕು. ಲೈಸೆನ್ಸ್ ಇರೋ ಬಾಕ್ಸರ್ ಆಸ್ಪತ್ರೆ ಸೇರಿದ್ರೆ ಅಡಿಯಿಂದ ಮುಡಿವರೆಗೂ ನೋಡಿ ಬೋರ್ಡಿಗೆ ಬರೀಲೇಬೇಕು. ನಿಯಮ ಇದೆ, ಓದಿದೀನಿ. ಕಣ್ಣು ತಾನಾಗೇ ಹೊರಗೆ ಬರುತ್ತೆ."

"ನಾನಾ?"

"ಇನ್ಯಾರು? ಎಡಗಡೆಯಿಂದ ಬಂದ್ರೆ ಅವರಿಗೆ ಕಾಣಲ್ಲ. ಮುಖ ಮಾತ್ರ ಮುಟ್ಟಬೇಡ. ನನ್ನ ಹೆಸರು ಎಲ್ಲೂ ಬರಕೂಡದು."

"ಆಮೇಲೆ ಜನ ನನ್ನನ್ನ ಏನಂತಾರೆ?"

"ಈಗ ಏನಂತಾರೆ?" ಅಂದಳು ಅಕ್ಕ. "ಮೂಟೆ ಅಂತಾರೆ." ಗಂಟೆ ಹೊಡೆಯಿತು. ಅವಳು ಗೀಟನ್ನು ಅಂಗೈಯಿಂದ ಒರೆಸಿ ಕತ್ತರಿಸುವ ಯಂತ್ರದ ಗುಂಡಿ ಒತ್ತಿದಳು.

ಮೂರು ದಿನ ಮೂಟೆ ಏನೂ ಮಾಡಲಿಲ್ಲ. ಹೊಡೆಯಬಹುದಾಗಿದ್ದ ಜಾಗ ಕಣ್ಣೆದುರು ಬಟಾಬಯಲಾಗಿ ಬಿದ್ದಿದ್ದರೂ ಕೈ ಮುಂದೆ ಹೋಗಲಿಲ್ಲ. ನಾಲ್ಕನೆಯ ದಿನ ಪತ್ರಿಕೆಯವರು ಬಂದಿದ್ದರು, ಆರೇಳು ಜನ, ಕ್ಯಾಮೆರಾ ಸಮೇತ. ಜನ ಕಂಡರೆ ಭಾವನಿಗೆ ಹುರುಪು. ತಲೆಗೆ ಕವಚ ಹಾಕಿಕೋ ಎಂದು ಮೇಷ್ಟ್ರು ಹೇಳಿದ್ದಕ್ಕೆ, "ಅದು ಮೂಟೆಗೆ ಹಾಕಿ ಮೇಷ್ಟ್ರೇ, ಸೋರಬಾರದು" ಎಂದ. ಪತ್ರಿಕೆಯವರು ಬಿದ್ದು ಬಿದ್ದು ನಕ್ಕರು.

ಮೊದಲ ಎರಡು ಸುತ್ತು ಮೂಟೆ ಎಂದಿನಂತೆ ತಿಂದ. ಮೂರನೆಯದರಲ್ಲಿ ಎಡಕ್ಕೆ, ಇನ್ನೂ ಎಡಕ್ಕೆ ಸುತ್ತತೊಡಗಿದ. ಭಾವ ಅವನನ್ನು ಕಣ್ಣಲ್ಲಿ ಹಿಡಿದಿಡಲು ಕೋಳಿಯ ಹಾಗೆ ತಲೆ ತಿರುಗಿಸಬೇಕಾಯಿತು. ಮೂಟೆ ಮುಖದತ್ತ ಬಲಗೈ ತೋರಿಸಿದ, ಅಷ್ಟೇ. ಭಾವನ ಎರಡೂ ಕೈ ಮೇಲೆ ಹೋದವು. ಅದೇ ಕೈಯನ್ನು ಕೆಳಗಿಳಿಸಿ, ಸೊಂಟವನ್ನೂ ಸೇರಿಸಿ, ಎಡ ಪಕ್ಕೆಗೆ ಹೊಡೆದ. ಒಣಕಡ್ಡಿ ಮುರಿದಂಥ ಸದ್ದು ಮೂಟೆಯ ಮಣಿಕಟ್ಟಿಗೆ ತಿಳಿಯಿತು. ಭಾವ ಒಂದು ಮಂಡಿಯೂರಿದ. ಮೂಟೆ ಹಿಂದೆ ಸರಿದ. ಕೆಲಸ ಮುಗಿದಿತ್ತು.

ಆದರೆ ಭಾವ ಎದ್ದುಬಿಟ್ಟ. ಹಲ್ಲು ಕಚ್ಚಿ ಮೇಲೆ ಬಿದ್ದ. ಮೂಟೆ ಅದೇ ಜಾಗಕ್ಕೆ ಇನ್ನೊಂದು ಕೊಟ್ಟ. ಅದೂ ಅಕ್ಕನ ಲೆಕ್ಕದ್ದೇ ಎಂದು ಹೇಳಬಹುದಿತ್ತು. ಮೇಷ್ಟ್ರು "ನಿಲ್ಸೋ, ನಿಲ್ಸೋ" ಎಂದು ಹಗ್ಗದೊಳಗೆ ನುಗ್ಗುತ್ತಿದ್ದರು. ಭಾವ ಮೊಣಕೈಯಲ್ಲಿ ಪಕ್ಕೆ ಒತ್ತಿಕೊಂಡು, ಬಾಯೊಳಗಿನ ಹಲ್ಲುಗವಚವನ್ನು ಉಗಿದು, ಮೂಟೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ: "ಇಷ್ಟೇನಾ? ಅವತ್ತು ನಿನ್ನ ಮೂಗಿಗೆ ಬೇಕಂತಲೇ ಹೊಡೆದಿದ್ದು. ಕೈ ಜಾರಿರಲಿಲ್ಲ."

ಭಾವನ ಕೈಗಳೆರಡೂ ಕೆಳಗಿದ್ದವು. ಮೂಟೆ ಅವನ ಎಡಗಣ್ಣಿನ ಮೇಲೆ ಹೊಡೆದ. ಹತ್ತು ವರ್ಷದಲ್ಲಿ ಅಷ್ಟು ಜೋರಾಗಿ ಅವನು ಯಾರಿಗೂ, ಯಾವುದಕ್ಕೂ ಹೊಡೆದಿರಲಿಲ್ಲ. ಕ್ಯಾಮೆರಾಗಳು ಚಟಚಟ ಅಂದವು.

ಮೇಷ್ಟ್ರು ಅವನನ್ನು ಕತ್ತಿನ ಪಟ್ಟಿ ಹಿಡಿದು ಹೊರಗೆ ದಬ್ಬಿದರು. "ಈ ಬಾಗಿಲು ಮತ್ತೆ ತುಳಿದ್ಯೋ, ಕಾಲು ಮುರೀತೀನಿ. ಅವನ ಮನೆ ಉಪ್ಪು ತಿಂದವನು ನೀನು!" ಗ್ಲೌಸ್ ಸಮೇತ ಬೀದಿಗೆ ಬಿದ್ದ ಮೂಟೆಗೆ ಅವನ್ನು ಬಿಚ್ಚಿಕೊಡುವವರೂ ಇರಲಿಲ್ಲ. ಹಲ್ಲಿನಲ್ಲಿ ದಾರ ಕಚ್ಚಿ ಎಳೆಯುತ್ತ ಬಸ್‌ಸ್ಟಾಪಿನವರೆಗೆ ನಡೆದ.

ಅಕ್ಕ ಹೇಳಿದ ಹಾಗೇ ಆಯಿತು. ಆಸ್ಪತ್ರೆಯವರು ಪಕ್ಕೆಲುಬಿನ ಜೊತೆ ಕಣ್ಣನ್ನೂ ನೋಡಿದರು, ಬೋರ್ಡಿಗೆ ಬರೆದರು. ಲೈಸೆನ್ಸ್ ರದ್ದಾಯಿತು, ಬೆಲ್ಟು ಹೋಯಿತು. ಕಣ್ಣಿಗೆ ಆಪರೇಷನ್ ಮಾಡಿದರು, ಏನೂ ಉಳಿಯಲಿಲ್ಲ. ಪತ್ರಿಕೆಗಳಿಗೆ ಫೋಟೋ ಸಿಕ್ಕಿತ್ತು. ಎದುರಾಳಿಯ ಕಡೆಯವರು ಬಾಮೈದನನ್ನು ಕೊಂಡುಕೊಂಡಿದ್ದಾರೆ ಎಂದು ಬರೆದವು. ಮೂಟೆಯ ಬಾಡಿಗೆ ಕೋಣೆಯ ಬಾಗಿಲಿಗೆ ಯಾರೋ ಡಾಂಬರು ಬಳಿದು ಹೋದರು. ಮನೆ ಮಾಲೀಕ ಅದನ್ನು ಒರೆಸುವ ಬದಲು ಕೋಣೆ ಖಾಲಿ ಮಾಡು ಅಂದ.

ಎರಡು ತಿಂಗಳ ಮೇಲೆ ಬೋರ್ಡಿನ ವಿಚಾರಣೆ. ಉದ್ದ ಮೇಜು, ಮೂವರು ಸದಸ್ಯರು, ಕಿರುಗುಡುವ ಫ್ಯಾನು. ಭಾವ ಕಪ್ಪು ಕನ್ನಡಕ ಹಾಕಿ ಮುಂದಿನ ಸಾಲಿನಲ್ಲಿದ್ದ, ಪಕ್ಕದಲ್ಲಿ ಅಕ್ಕ.

"ನಿಮಗೆ ಯಾರಾದರೂ ಹೇಳಿ ಮಾಡಿಸಿದ್ರಾ?" ಅಧ್ಯಕ್ಷರು ಕೇಳಿದರು.

ಅಕ್ಕ ಮಡಿಲಲ್ಲಿದ್ದ ಚೀಲದ ಜಿಪ್ಪನ್ನು ಎಳೆಯುತ್ತಿದ್ದಳು, ಮುಚ್ಚುತ್ತಿದ್ದಳು.

"ಇಲ್ಲ," ಅಂದ ಮೂಟೆ. "ನಾನೇ ಮಾಡಿದ್ದು."

"ಅವನಿಗೆ ಅಷ್ಟು ತಲೆ ಎಲ್ಲಿದೆ ಸ್ವಾಮಿ!" ಎಂದು ಭಾವ ಕೂತಲ್ಲಿಂದಲೇ ಗುಡುಗಿದ. ಅಧ್ಯಕ್ಷರು ಅವನನ್ನು ಸುಮ್ಮನಿರಿಸಿದರು. ಮೂಟೆಗೆ ಜೀವಮಾನದ ನಿಷೇಧ ಹಾಕಿ, ಸಹಿ ಹಾಕಿಸಿಕೊಂಡು ಕಳಿಸಿದರು.

ಹೊರಗೆ ಮೆಟ್ಟಿಲ ಹತ್ತಿರ ಅಕ್ಕ ಒಬ್ಬಳೇ ಸಿಕ್ಕಳು. ಒಂದು ಒಳ್ಳೆಯ ಮಾತಾದರೂ ಆಡುತ್ತಾಳೆ ಎಂದು ಮೂಟೆ ನಿಂತ.

"ಮುಖ ಮುಟ್ಟಬೇಡ ಅಂದಿದ್ದೆ."

"ಅಕ್ಕ, ಅವರು ಮೂಗಿನ ಮಾತು ಎತ್ತಿ..."

"ಅಷ್ಟೋ ಇಷ್ಟೋ ಉಳೀತಿತ್ತು. ನಾನು ಕೇಳಿದ್ದು ಒಂದು. ನೀನು ನಿನ್ನ ತೀಟೆ ತೀರಿಸ್ಕೊಂಡೆ. ಇನ್ನು ನಮ್ಮನೆ ಕಡೆ ಬರಬೇಡ." ಅವಳು ತಿರುಗಿ ಒಳಗೆ ಹೋದಳು. ಕಣ್ಣಿನ ಪರದೆ ಮೊದಲೇ ಪೂರ್ತಿ ಹೋಗಿತ್ತೋ, ಆ ಏಟಿಗೆ ಹೋಯಿತೋ ಎಂಬುದನ್ನು ಡಾಕ್ಟರೂ ಹೇಳಿರಲಿಲ್ಲ. ಅಕ್ಕನಿಗೆ ಡಾಕ್ಟರು ಹೇಳಬೇಕಾಗಿರಲಿಲ್ಲ. ಮೂಟೆಗೂ ಬೇಕಾಗಿರಲಿಲ್ಲ.

ಖಾಲಿಯಾದ ಬೆಲ್ಟಿಗೆ ಆ ಬಲಗೈಯವನೂ ಇನ್ನೊಬ್ಬನೂ ಆಡಿದರು. ಇನ್ನೊಬ್ಬ ಎರಡನೆಯ ಸುತ್ತಿನಲ್ಲಿ ಬಿದ್ದವನು ಒಂಬತ್ತು ದಿನ ಕಣ್ಣು ಬಿಡಲಿಲ್ಲ. ಅದನ್ನು ಟೀವಿಯಲ್ಲಿ ನೋಡಿದ ಭಾವ "ನಾನಾಗಿದ್ರೆ ಆ ಬಲಗೈಯವನನ್ನ ಮೊದಲನೇ ಸುತ್ತಲ್ಲೇ ಮಲಗಿಸ್ತಿದ್ದೆ" ಅಂದನಂತೆ. ಈ ಮಾತು ಜಿಮ್ಮಿನಿಂದ ಬಾಯಿಂದ ಬಾಯಿಗೆ ದಾಟಿ ಮೂಟೆಯವರೆಗೂ ಬಂತು.

ಮೂಟೆ ಹಾಸಿಗೆ ಮಾಡುವ ಕಾರ್ಖಾನೆಗೆ ಸೇರಿದ. ಅಲ್ಲಿ ಅವನ ಅಡ್ಡಹೆಸರು ಯಾರಿಗೂ ಗೊತ್ತಿರಲಿಲ್ಲ. ಎರಡೇ ವಾರದಲ್ಲಿ ಗೊತ್ತಾಯಿತು. ಊಟದ ಹೊತ್ತಿಗೆ ಅವನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಶನಿವಾರ ಬೆಳಿಗ್ಗೆ ಕಾರ್ಖಾನೆಗೆ ಸ್ಕ್ರೂ ತರಲು ಹಾರ್ಡ್‌ವೇರ್ ಅಂಗಡಿಗೆ ಹೋದಾಗ, ಕೌಂಟರಿನ ಮುಂದೆ ಭಾವ ನಿಂತಿದ್ದ. ಹೊಟ್ಟೆ ಬಂದಿತ್ತು, ಕೂದಲು ನರೆತಿತ್ತು. ಬಾಗಿಲ ಕೀಲುಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದ. ಅವನ ಎಡಗಡೆ ಬಾಗಿಲ ಕಡೆಗಿತ್ತು. ಮೂಟೆ ಎರಡು ಮೊಳ ದೂರದಲ್ಲಿದ್ದರೂ ಅವನಿಗೆ ಕಾಣಲಿಲ್ಲ. ಬಂದ ದಾರಿಯಲ್ಲೇ ಹೋಗಬಹುದಿತ್ತು. ಅಂಗಡಿಯವನು ಇಬ್ಬರನ್ನೂ ಗುರುತಿಸಿ, ಇನ್ನೇನು ಗಾಜು ಒಡೆಯುತ್ತದೋ ಎಂಬಂತೆ ಕೌಂಟರಿನಿಂದ ಹಿಂದೆ ಸರಿದ.

ಮೂಟೆ ಅವನ ಬೆನ್ನ ಹಿಂದಿನಿಂದ ಸುತ್ತಿಕೊಂಡು ಬಲಗಡೆ ಹೋಗಿ ನಿಂತ.

ಭಾವ ತಲೆ ಎತ್ತಿದ. ಬಲಗಣ್ಣು ಅವನನ್ನು ಬೂಟಿನಿಂದ ಹಣೆಯವರೆಗೆ ಅಳೆಯಿತು. "ಈ ಕಡೆಯಿಂದ ಬರೋಕೂ ಬರುತ್ತಾ ನಿನಗೆ?"

"ಅಕ್ಕ ಹೇಗಿದಾಳೆ?"

"ಅವಳನ್ನೇ ಕೇಳು. ಇಬ್ಬರೂ ಸೇರಿ ಮಾಡಿದ್ದಲ್ವಾ?"

ಭಾವ ಕೀಲನ್ನು ಕೌಂಟರಿನ ಮೇಲೆ ಕುಕ್ಕಿದ. "ಪಕ್ಕೆಗೇ ಹೊಡಿ, ಆಸ್ಪತ್ರೆಗೆ ಹಾಕು, ಕಾಗದದ ಮೇಲೆ ತಾ... ನಿನ್ನ ತಲೇಲಿ ಹುಟ್ಟೋ ಮಾತಾ ಅದು? ಅಳತೆ ಟೇಪಿನ ಬುದ್ಧಿ ಅದು. ನನಗೆ ಆಸ್ಪತ್ರೆ ಹಾಸಿಗೇಲೇ ಗೊತ್ತಾಯ್ತು. ಅವಳಿಗೆ ಹೇಳಿಲ್ಲ. ನೀನೂ ಹೇಳಬೇಡ. ಅವಳ ಪಾಲಿನ ತಪ್ಪನ್ನ ನಾನು ಯಾವತ್ತೋ ಬಿಟ್ಟೆ."

"ಕೊನೇ ಏಟು ನನ್ನದು ಭಾವ."

"ಗೊತ್ತು. ಅದನ್ನ ಬಿಡಲ್ಲ."

"ಬಿಡಬೇಡಿ," ಅಂದ ಮೂಟೆ. "ಮೂಗನ್ನ ನಾನೂ ಬಿಟ್ಟಿಲ್ಲ."

ಭಾವನ ಬಾಯಿ ನಗುವಿನ ಕಡೆಗೆ ಒಂದಿಷ್ಟು ಸರಿದು, ಹಾಗೇ ನಿಂತುಹೋಯಿತು. ಅಂಗಡಿಯವನ ಕಡೆ ತಿರುಗಿ, "ನಾಲ್ಕು ಇಂಚಿಂದು ಕೊಡಯ್ಯ, ಇದು ಚಿಕ್ಕದು" ಅಂದ. ಕಟ್ಟಿಸಿಕೊಂಡು, ಮೂಟೆಯ ಕಡೆ ಮತ್ತೆ ನೋಡದೆ, ಎಡಗೈಯಲ್ಲಿ ಬಾಗಿಲ ಚೌಕಟ್ಟನ್ನು ಸವರಿ ಖಚಿತ ಮಾಡಿಕೊಂಡು ಬೀದಿಗೆ ಇಳಿದ.

"ನಿಮಗೇನು ಬೇಕು?" ಅಂಗಡಿಯವನು ಕೇಳಿದ. ಸ್ವರದಲ್ಲಿ ಚಾಂಪಿಯನ್ನನಿಗೆ ಕೊಟ್ಟ ಮರ್ಯಾದೆಯ ಪಸೆಯೂ ಇರಲಿಲ್ಲ.

"ಅರ್ಧ ಇಂಚಿನ ಸ್ಕ್ರೂ," ಅಂದ ಮೂಟೆ. "ಇನ್ನೂರು."